ಫೋಟೋ ಮಾರುವ ಅಂಗಡಿ: ಒಪ್ಪಿಗೆಯ ಲೆಕ್ಕ

(ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆಯಿಂದ ಈ ವೇದಿಕೆಯಲ್ಲಿ ಗೊಬ್ಬರದ ದಾಸ್ತಾನು, ಬೆಳೆಸಾಲ, ಅಡಿಕೆ ಧಾರಣೆ ಇವುಗಳ ಬಗ್ಗೆ ತಿಳಿದವರು ಮಾತಾಡಿದ್ದಾರೆ. ಅವರ ನಂತರ ಫೋಟೋ ಮಾರುವ ವಿಷಯ ಹಿಡಿದು ನಿಲ್ಲುವುದಕ್ಕೆ ನಮಗೆ ಸ್ವಲ್ಪ ಸಂಕೋಚವೇ. ಆದರೆ ನಿಮ್ಮ ಕಾರ್ಯದರ್ಶಿಗಳು ಕರೆಯಲು ಬಂದಾಗ ಕಾರಣ ಹೇಳಿದರು. ಬೆಳ್ಳಿಹಬ್ಬದ ಪ್ರದರ್ಶನಕ್ಕೆಂದು ಸದಸ್ಯರ ಮನೆಗಳಿಂದ ಹಳೆಯ ಫೋಟೋಗಳನ್ನು ತರಿಸಿದ್ದೀರಿ. ಊರಿನ ಹುಡುಗ ಹುಡುಗಿಯರು ತೆಗೆದದ್ದನ್ನೂ ಸೇರಿಸಿದ್ದೀರಿ. ಗೋದಾಮಿನ ಗೋಡೆ ತುಂಬ ಈಗ ಅವೇ ಇವೆ. ನೋಡಿದ ಹಿರಿಯರೊಬ್ಬರು, "ಇವನ್ನೆಲ್ಲ ಅಂತರ್ಜಾಲದಲ್ಲಿ ಅಂಗಡಿ ಇಟ್ಟು ಮಾರಿದ್ರೆ ಸಂಘಕ್ಕೂ ಹುಡುಗ್ರಿಗೂ ನಾಲ್ಕು ಕಾಸು ಬರೋದಿಲ್ವಾ?" ಅಂತ ಕೇಳಿದರಂತೆ. ಮುಂದಿನ ಸರ್ವಸದಸ್ಯರ ಸಭೆಗೆ ಈ ವಿಷಯ ಬರಲಿದೆಯಂತೆ. ನಾವು ನಾಲ್ಕು ಜನ ಗೆಳೆಯರು ಇಂಥದೇ ಒಂದು ಚಿಕ್ಕ ಅಂಗಡಿ ನಡೆಸುತ್ತಿರುವುದರಿಂದ, ಸಭೆಗೆ ಮುಂಚೆ ನಮ್ಮ ಅನುಭವವನ್ನು ನಿಮ್ಮ ಮುಂದೆ ಇಡಬೇಕೆಂಬುದು ಅವರ ಅಪೇಕ್ಷೆ.

ಹಿರಿಯರ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. ನಾಲ್ಕು ಕಾಸು ಬರುತ್ತದೆ. ಆದರೆ ಆ ಗೋಡೆಯ ಮೇಲಿರುವ ಫೋಟೋಗಳಲ್ಲಿ ಹೆಚ್ಚಿನವನ್ನು ಇವತ್ತಿನ ಸ್ಥಿತಿಯಲ್ಲಿ ಮಾರುವ ಹಾಗಿಲ್ಲ.

ಯಾಕೆ ಅಂತೀರಾ? ಅಡಿಕೆ ಮಾರಿದರೆ ಅಡಿಕೆ ಹೋಯಿತು, ದುಡ್ಡು ಬಂತು. ಫೋಟೋ ಹಾಗಲ್ಲ. ಕೊಂಡವರು ತಮ್ಮ ಕಂಪ್ಯೂಟರಿಗೆ ಒಂದು ಪ್ರತಿ ಇಳಿಸಿಕೊಂಡರೂ ನಮ್ಮದು ನಮ್ಮಲ್ಲೇ ಇರುತ್ತದೆ. ಹಾಗಾದರೆ ಮಾರಿದ್ದೇನು? ನಿಮ್ಮ ಸಂಘದಲ್ಲಿ ಬಾಡಿಗೆ ಪಾತ್ರೆಗಳಿವೆ. ಮದುವೆ ಮನೆಯವರು ದುಡ್ಡು ಕಟ್ಟಿ ಹಂಡೆ ಒಯ್ಯುತ್ತಾರೆ. ಅವರು ಕೊಂಡದ್ದು ಹಂಡೆಯನ್ನಲ್ಲ, ಎರಡು ದಿನ ಅದರಲ್ಲಿ ಅಡಿಗೆ ಮಾಡುವ ಅನುಮತಿಯನ್ನು. ಒಯ್ದ ಹಂಡೆಯನ್ನು ಕರಗಿಸಿ ಗಂಟೆ ಮಾಡಿಸುತ್ತೇವೆ ಅಂದರೆ ನೀವು ಬಿಡುತ್ತೀರಾ? ಫೋಟೋ ಅಂಗಡಿಯ ವ್ಯಾಪಾರವೂ ಇಷ್ಟೇ. ವ್ಯತ್ಯಾಸ ಏನೆಂದರೆ ಒಂದೇ ಹಂಡೆ ಒಂದೇ ದಿನ ಹತ್ತು ಮನೆಯಲ್ಲಿ ಒಲೆಯ ಮೇಲಿರಬಹುದು. ಲಾಭವೂ ಅದರಲ್ಲೇ ಇದೆ, ತಕರಾರೂ ಅದರಲ್ಲೇ ಇದೆ.

ಆದ್ದರಿಂದ ಬಿಲ್ಲಿನಲ್ಲಿ "ಫೋಟೋ ಒಂದು, ರೂ. 800" ಅಂತ ಬರೆದರೆ ಸಾಲದು. ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ, ಎಲ್ಲಿ, ಅವರೊಬ್ಬರಿಗೇ ಕೊಟ್ಟದ್ದೋ ಇತರರಿಗೂ ಕೊಡಬಹುದಾದದ್ದೋ, ಇಷ್ಟನ್ನೂ ಬರೆಯಬೇಕು. ಬರೆಯದೇ ಬಿಟ್ಟರೆ ಕಾನೂನು ತಾನೇ ತುಂಬಿಕೊಳ್ಳುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅನುಮತಿ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದನ್ನು ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಎಂದೂ ಭಾವಿಸಲಾಗುತ್ತದೆ. ಅನುಮತಿ ಬರಹದಲ್ಲಿ ಇರಬೇಕು ಅನ್ನುವುದೂ ಅದರಲ್ಲೇ ಇದೆ. ಬಾಯಿಮಾತಿನಲ್ಲಿ "ಹಾಕ್ಕೊಳ್ಳಿ ಬಿಡಿ" ಅಂದದ್ದು ಮುಂದೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಈಗ ಗೋಡೆಯ ಫೋಟೋಗಳಿಗೆ ಬರೋಣ. ಅವು ಯಾರವು? ಗುಂಡಿ ಒತ್ತಿದವರೇ ಫೋಟೋದ ಕರ್ತೃ ಎಂದು ಕಾಯಿದೆ ಹೇಳುತ್ತದೆ. ಕ್ಯಾಮೆರಾ ಮಾವನದ್ದಿರಲಿ, ಮೊಬೈಲು ಅಣ್ಣನದ್ದಿರಲಿ, ಅದು ಲೆಕ್ಕಕ್ಕಿಲ್ಲ. ಆದರೆ ಅದೇ ಕಾಯಿದೆಯ 17ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ಒಬ್ಬರು ಹಣ ಕೊಟ್ಟು, ತಮಗಾಗಿ ಫೋಟೋ ತೆಗೆಸಿಕೊಂಡರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕಿನ ಮೊದಲ ಒಡೆಯರು ತೆಗೆಸಿಕೊಂಡವರೇ. ಅಂದರೆ ನಿಮ್ಮ ಮನೆಯ ಮದುವೆ ಆಲ್ಬಮ್ಮಿನ ಹಕ್ಕು ನಿಮ್ಮದು, ಸ್ಟುಡಿಯೋದವರದ್ದಲ್ಲ. "ನೆಗೆಟಿವ್ ನಮ್ಮ ಹತ್ತಿರ ಇದೆ, ಹಾಗಾಗಿ ಫೋಟೋ ನಮ್ಮದು" ಅಂತ ನಮ್ಮ ಕಸುಬಿನವರಲ್ಲಿ ಎಷ್ಟೋ ಜನ ಇಂದಿಗೂ ನಂಬಿದ್ದಾರೆ. ನೆಗೆಟಿವ್ ಇರುವುದು ಬೇರೆ, ಹಕ್ಕಿರುವುದು ಬೇರೆ. ಸಂಬಳಕ್ಕೆ ಇರುವ ಛಾಯಾಗ್ರಾಹಕರು ಕೆಲಸದ ಭಾಗವಾಗಿ ತೆಗೆದದ್ದು ಸಾಮಾನ್ಯವಾಗಿ ಸಂಬಳ ಕೊಟ್ಟವರಿಗೆ ಸೇರುತ್ತದೆ. ಹಾಗೆ ನೋಡಿದರೆ ನಿಮ್ಮ ಗೋದಾಮಿನ ಶಂಕುಸ್ಥಾಪನೆಯ ಫೋಟೋಗಳು, ಸಂಘವೇ ಹಣ ಕೊಟ್ಟು ತೆಗೆಸಿದ್ದಾದರೆ, ಸಂಘದವು. ಪಕ್ಕದಲ್ಲೇ ತೂಗುಹಾಕಿರುವ ತೇರಿನ ಫೋಟೋ ಯಾರೋ ಒಬ್ಬರು ಖುಷಿಗೆ ತೆಗೆದದ್ದು. ಅದು ಅವರದ್ದು, ಅವರು ತೀರಿಹೋಗಿದ್ದರೆ ಅವರ ವಾರಸುದಾರರದ್ದು. 2012ರ ತಿದ್ದುಪಡಿಯ ನಂತರ ಫೋಟೋದ ಹಕ್ಕು ತೆಗೆದವರ ಜೀವಮಾನ ಪೂರ್ತಿ, ಆಮೇಲೂ ಅರವತ್ತು ವರ್ಷ ಉಳಿಯುತ್ತದೆ. ಪ್ರದರ್ಶನಕ್ಕೆ ಕೊಟ್ಟ ಮಾತ್ರಕ್ಕೆ ಮಾರಲು ಕೊಟ್ಟಂತಲ್ಲ. ಇದನ್ನು ನಾವು ಒತ್ತಿ ಹೇಳುತ್ತೇವೆ, ಏಕೆಂದರೆ ಊರಿನಲ್ಲಿ ನಂಬಿಕೆ ಕೆಡುವುದು ಇಂಥ ಸಣ್ಣ ವಿಷಯಕ್ಕೇ.

ಹಕ್ಕಿನ ಮಾತು ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಫೋಟೋದೊಳಗೆ ಇರುವವರು ಇನ್ನೂ ಉಳಿದಿದ್ದಾರೆ.

ನಮಗೆ ಗೊತ್ತಿರುವ ಒಬ್ಬ ಹೆಂಗಸು, ಗದ್ದೆ ಕೆಲಸಕ್ಕೆ ಹೋಗುವವರು. ಹೆಸರು ಬೇಡ. ಒಂದು ಮಳೆಗಾಲ ಅವರು ನೆಟ್ಟಿ ಮಾಡುತ್ತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಕಾರು ನಿಲ್ಲಿಸಿ ಫೋಟೋ ತೆಗೆದರು. ಫೋಟೋ ಚೆನ್ನಾಗಿಯೇ ಇತ್ತು. ಕೈಯಲ್ಲಿ ಸಸಿಯ ಕಟ್ಟು, ತಲೆಯ ಮೇಲೆ ಗೊರಬು, ಮುಖದಲ್ಲಿ ನಗು. ಎರಡು ವರ್ಷ ಕಳೆದ ಮೇಲೆ ಅದು ಪೇಟೆಯ ಬಸ್ ನಿಲ್ದಾಣದಲ್ಲಿ ಆಳೆತ್ತರದ ಬೋರ್ಡಾಗಿ ನಿಂತಿತು. ಸಾಲ ಕೊಡುವ ಒಂದು ಕಂಪನಿಯ ಜಾಹೀರಾತು. ಇವರ ನಗುವಿನ ಕೆಳಗೆ "ನನ್ನ ಕಷ್ಟ ಕಳೆಯಿತು" ಎನ್ನುವ ಅರ್ಥದ ಮಾತು. ಬೀಗರ ಮನೆಯವರು ಬಂದು "ಎಷ್ಟು ಸಾಲ ತಗಂಡ್ರಿ?" ಅಂತ ಕೇಳಿದರು. ಅವರು ಆ ಕಂಪನಿಯ ಹೆಸರನ್ನೇ ಕೇಳಿದವರಲ್ಲ. ನಾವು ಹೋಗಿ ಮಾತಾಡಿಸಿದಾಗ ಹೇಳಿದ್ದು ಇಷ್ಟು: "ದುಡ್ಡು ಕೊಡ್ಲಿಲ್ಲ ಅಂತ ನಂಗೆ ಬೇಜಾರಿಲ್ಲ ತಮ್ಮಾ. ನನ್ನ ಮೋರೆ ಹಾಕೋಕ್ ಮುಂಚೆ ನಂಗೊಂದ್ ಮಾತು ಕೇಳ್ಬಾರ್ದಾಗಿತ್ತಾ?"

ಫೋಟೋ ತೆಗೆದವರು ಎಲ್ಲಿಯವರೋ, ಅವರಿಂದ ಅದು ಎಷ್ಟು ಕೈ ದಾಟಿ ಆ ಬೋರ್ಡಿಗೆ ಬಂತೋ, ಪತ್ತೆಯಾಗಲಿಲ್ಲ. ಬೋರ್ಡು ಆರು ತಿಂಗಳು ಅಲ್ಲೇ ಇತ್ತು. ಅಷ್ಟು ದಿನವೂ ಆ ಹೆಂಗಸು ಸಂತೆಗೆ ಹೋಗಲು ಹಿಂದಿನ ಸ್ಟಾಪಿನಲ್ಲೇ ಇಳಿದು ನಡೆದು ಹೋಗುತ್ತಿದ್ದರು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ದೊಡ್ಡ ಮಾತು. ಆದರೆ ಗದ್ದೆಯ ಅಂಚಿನಲ್ಲಿ ನಿಂತು ನೋಡಿದರೆ ಅದರ ಅರ್ಥ ಆ ಹೆಂಗಸು ಕೇಳಿದ್ದೇ. ಸುದ್ದಿಗೆ, ಲೇಖನಕ್ಕೆ, ಪಾಠಪುಸ್ತಕಕ್ಕೆ ಬಳಸುವ ಫೋಟೋ ಬೇರೆ, ಜಾಹೀರಾತಿಗೆ ಬಳಸುವ ಫೋಟೋ ಬೇರೆ ಎಂದು ಈ ವ್ಯಾಪಾರದಲ್ಲಿ ಎಲ್ಲ ಕಡೆಯೂ ಭೇದ ಮಾಡುತ್ತಾರೆ. ಜಾಹೀರಾತಿಗೆ ಕೊಡುವುದಾದರೆ ಫೋಟೋದಲ್ಲಿ ಗುರುತು ಸಿಗುವ ಪ್ರತಿಯೊಬ್ಬರದೂ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ನಮ್ಮ ಅಂಗಡಿಯಲ್ಲಿ ಆ ಪತ್ರ ಕನ್ನಡದಲ್ಲಿದೆ, ಒಂದೇ ಪುಟ. ಸಹಿಗೆ ಮುಂಚೆ ಓದಿ ಹೇಳುತ್ತೇವೆ. "ಪುಸ್ತಕಕ್ಕೆ ಸರಿ, ಬೋರ್ಡಿಗೆ ಬೇಡ" ಎಂದು ಗುರುತು ಹಾಕಲು ಜಾಗ ಬಿಟ್ಟಿದ್ದೇವೆ. ಹೆಚ್ಚಿನವರು ಅದನ್ನೇ ಗುರುತು ಹಾಕುತ್ತಾರೆ, ನಮಗೂ ಅದು ಸರಿಯೇ ಅನ್ನಿಸುತ್ತದೆ. ಮಕ್ಕಳದ್ದಾದರೆ ತಂದೆತಾಯಿಯ ಸಹಿ. ಯಕ್ಷಗಾನದ ವೇಷದ ಫೋಟೋವನ್ನು ಕಲಾವಿದರನ್ನು ಕೇಳದೆ ಕೊಡುವುದಿಲ್ಲ. ದೈವದ ಫೋಟೋವನ್ನು ಸೋಪಿನ ಜಾಹೀರಾತಿಗೆ ಯಾರು ಎಷ್ಟು ಕೊಡುತ್ತೇವೆಂದರೂ ಕೊಡುವುದಿಲ್ಲ. ಇದು ಕಾನೂನಲ್ಲ, ನಾವೇ ಹಾಕಿಕೊಂಡ ಕಟ್ಟುಪಾಡು. ಅಭಯಾರಣ್ಯದೊಳಗೆ ತೆಗೆಯುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 28ನೇ ಸೆಕ್ಷನ್ನಿನಂತೆ ಅನುಮತಿಯ ಕ್ರಮ ಇದೆ. ಕ್ಯಾಮೆರಾ ಹೆಗಲಿಗೆ ಹಾಕುವ ಮೊದಲೇ ಇಲಾಖೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ತಾಪತ್ರಯ ಯಾಕೆ, ದೊಡ್ಡ ದೊಡ್ಡ ಕಂಪನಿಗಳ ಅಂಗಡಿಗಳು ಅಂತರ್ಜಾಲದಲ್ಲಿ ಇವೆಯಲ್ಲ, ಅಲ್ಲೇ ಹಾಕಿದರಾಯಿತು ಅನ್ನಬಹುದು. ಹಾಕಬಹುದು, ನಾವೂ ಕೆಲವನ್ನು ಹಾಕಿದ್ದೇವೆ. ಆದರೆ ಆ ಪೇಟೆಯ ಕಥೆ ತಿಳಿದಿರಲಿ. ಕೆನಡಾ ದೇಶದ ಬ್ರೂಸ್ ಲಿವಿಂಗ್‌ಸ್ಟೋನ್ ಎಂಬವರು 2000ದಲ್ಲಿ ಐಸ್ಟಾಕ್‌ಫೋಟೋ ಎಂಬ ತಾಣ ತೆರೆದರು. ಮೊದಲು ಫೋಟೋಗ್ರಾಫರುಗಳು ತಮ್ಮತಮ್ಮಲ್ಲೇ ಚಿತ್ರ ಬದಲಾಯಿಸಿಕೊಳ್ಳುವ ಜಾಗ ಅದು. ಆಮೇಲೆ ಪುಡಿಗಾಸಿನ ವ್ಯಾಪಾರ ಶುರುವಾಯಿತು. 2006ರಲ್ಲಿ ಗೆಟ್ಟಿ ಇಮೇಜಸ್ ಕಂಪನಿ ಅದನ್ನು 5 ಕೋಟಿ ಡಾಲರಿಗೆ ಕೊಂಡಿತು. 2003ರಲ್ಲಿ ಬಂದ ಶಟರ್‌ಸ್ಟಾಕ್, ತಿಂಗಳಿಗಿಷ್ಟು ಎಂದು ಚಂದಾ ಕಟ್ಟಿದವರಿಗೆ ಫೋಟೋ ಕೊಡುವ ಪದ್ಧತಿ ತಂದಿತು. ಅದೇ ಕಂಪನಿ 2020ರ ಜೂನ್‌ನಲ್ಲಿ ಫೋಟೋ ತೆಗೆದವರ ಪಾಲನ್ನು ನೂರಕ್ಕೆ 15ರಿಂದ 40ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿ, ಪ್ರತಿ ಜನವರಿ ಒಂದನೇ ತಾರೀಕು ಎಲ್ಲರನ್ನೂ ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಸುವ ನಿಯಮ ಮಾಡಿತು. ಒಂದು ಇಳಿಕೆಗೆ ಕನಿಷ್ಠ ಪಾಲು ಹತ್ತು ಸೆಂಟು, ನಮ್ಮ ಲೆಕ್ಕದಲ್ಲಿ ಎಂಟೊಂಬತ್ತು ರೂಪಾಯಿ. ಆಗ ಬಹಳ ಜನ ಫೋಟೋಗ್ರಾಫರುಗಳು ಪ್ರತಿಭಟಿಸಿದರು, ತಮ್ಮ ಚಿತ್ರಗಳನ್ನು ವಾಪಸು ತೆಗೆದರು. ನಿಯಮ ನಿಯಮವಾಗಿಯೇ ಉಳಿಯಿತು. 2025ರ ಜನವರಿಯಲ್ಲಿ ಗೆಟ್ಟಿ ಮತ್ತು ಶಟರ್‌ಸ್ಟಾಕ್ ಎರಡೂ ಒಂದಾಗುವುದಾಗಿ ಪ್ರಕಟಿಸಿದವು. ಮಂಡಿಯಲ್ಲಿ ಇಬ್ಬರು ವರ್ತಕರು ಒಂದಾದರೆ ಬೆಳೆಗಾರರಿಗೆ ಏನಾಗುತ್ತದೆ ಎಂದು ಈ ಸಭೆಗೆ ನಾವು ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ದಾರಿ ಇದೆ. ಅದನ್ನು ಹೇಳಲೆಂದೇ ನಾವು ಈ ವೇದಿಕೆಗೆ ಒಪ್ಪಿದ್ದು. 1947ರಲ್ಲಿ ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೇ ಬ್ರೆಸಾನ್, ಜಾರ್ಜ್ ರಾಜರ್, ಡೇವಿಡ್ ಸೀಮೋರ್ ಎಂಬ ಹೆಸರಾಂತ ಛಾಯಾಗ್ರಾಹಕರು ಕೂಡಿ ಮ್ಯಾಗ್ನಮ್ ಎಂಬ ಸಂಸ್ಥೆ ಕಟ್ಟಿದರು. ಪತ್ರಿಕೆಗಳು ಫೋಟೋದ ಜೊತೆಗೆ ಹಕ್ಕನ್ನೂ ತಾವೇ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಹಕ್ಕು ತೆಗೆದವರಲ್ಲೇ ಇರಬೇಕು, ಸಂಸ್ಥೆಗೆ ಸದಸ್ಯರೇ ಮಾಲೀಕರಾಗಿರಬೇಕು ಎಂಬುದು ಅವರ ನಿಯಮ. ಅಂದರೆ ಅದು ಸಹಕಾರ ಸಂಘವೇ, ಹೆಸರು ಮಾತ್ರ ಬೇರೆ. ಈಚಿನದು ಇನ್ನೂ ಸ್ವಾರಸ್ಯದ್ದು. ಐಸ್ಟಾಕ್‌ಫೋಟೋ ಕಟ್ಟಿ ಮಾರಿದ ಅದೇ ಲಿವಿಂಗ್‌ಸ್ಟೋನ್ ಅವರು ಬ್ರಿಯಾನಾ ವೆಟ್‌ಲಾಫರ್ ಎಂಬವರೊಂದಿಗೆ 2013ರಲ್ಲಿ ಸ್ಟಾಕ್ಸಿ ಎಂಬ ತಾಣ ಆರಂಭಿಸಿದರು. ಕೆನಡಾದ ವಿಕ್ಟೋರಿಯಾ ಊರಿನಲ್ಲಿ, ಕಾಯಿದೆಯ ಪ್ರಕಾರ ನೋಂದಾಯಿಸಿದ ಸಹಕಾರ ಸಂಘವಾಗಿ. ಫೋಟೋ ತೆಗೆದವರೇ ಷೇರುದಾರರು. ಸಾಮಾನ್ಯ ಅನುಮತಿಗೆ ಬಂದ ಹಣದಲ್ಲಿ ನೂರಕ್ಕೆ 50, ಹೆಚ್ಚಿನ ಬಳಕೆಯ ಅನುಮತಿಗೆ ನೂರಕ್ಕೆ 75 ಅವರ ಪಾಲು. ಕಂಪನಿ ಮಾಡಿ ಮಾರಿದವರೇ ಸಹಕಾರದ ದಾರಿಗೆ ಬಂದರು ನೋಡಿ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟುಹಾಕಿದ ನಾಡಿನವರಿಗೆ ಇದೇನು ಹೊಸ ಪಾಠವಲ್ಲ.

ಈಗ ಅಂಗಡಿ ಕಟ್ಟುವ ಕೆಲಸ. ಎಲ್ಲರೂ ಇದೇ ಕಷ್ಟ ಅಂದುಕೊಂಡಿರುತ್ತಾರೆ, ಆದರೆ ಇದ್ದುದರಲ್ಲಿ ಸುಲಭ ಇದೇ. ತಾಣಕ್ಕೊಂದು ಹೆಸರು ಕೊಳ್ಳಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು. ಅದನ್ನು ಇಡುವುದಕ್ಕೆ ಬಾಡಿಗೆ ಜಾಗ ಬೇಕು. ವರ್ಡ್‌ಪ್ರೆಸ್ ಎಂಬ ತಂತ್ರಾಂಶ, ಅದರ ಮೇಲೆ ಅಂಗಡಿ ನಡೆಸಲು ವೂಕಾಮರ್ಸ್, ಎರಡೂ ಬಿಟ್ಟಿ ಸಿಗುತ್ತವೆ. ಇಳಿಸಿಕೊಳ್ಳುವ ಸರಕು ಎಂದು ಅದರಲ್ಲೇ ಒಂದು ವಿಭಾಗ ಇದೆ. ದುಡ್ಡು ಬಂದ ಮೇಲೆ ಗಿರಾಕಿಗೆ ಕೊಂಡಿ ತಾನೇ ಹೋಗುತ್ತದೆ. ಎಷ್ಟು ಸಲ ಇಳಿಸಿಕೊಳ್ಳಬಹುದು, ಎಷ್ಟು ದಿನದೊಳಗೆ ಎಂದು ಮಿತಿ ಹಾಕಬಹುದು. ನಾವು ಮೂರು ಸಲ, ಏಳು ದಿನ ಇಟ್ಟಿದ್ದೇವೆ. ನಮ್ಮ ಕಡೆಯ ಕರೆಂಟು, ಸಿಗ್ನಲ್ಲು ನೆನೆಸಿಕೊಂಡರೆ ಒಂದೇ ಸಲ ಅನ್ನುವುದು ಧರ್ಮವಲ್ಲ. ಮೂಲ ಫೋಟೋವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಇಡಲೇಬಾರದು. ಅಂಗಡಿಯ ಮುಂದೆ ತೂಗುಹಾಕುವುದು ಚಿಕ್ಕ ಪ್ರತಿ, ಉದ್ದಕ್ಕೆ ಸಾವಿರ ಪಿಕ್ಸೆಲ್ ಸಾಕು, ಅದರ ಮೇಲೆ ಅಂಗಡಿಯ ಹೆಸರಿನ ತೆಳು ಮುದ್ರೆ.

ಗಾತ್ರದ ಲೆಕ್ಕ ಹುಡುಗರು ಬರೆದುಕೊಳ್ಳಲಿ. ಪತ್ರಿಕೆ, ಪುಸ್ತಕದ ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಕೇಳುತ್ತಾರೆ. ಎ-4 ಅಳತೆಯ ಪೂರ್ತಿ ಪುಟಕ್ಕೆ 2480 ಅಡ್ಡ, 3508 ಉದ್ದ ಬೇಕಾಗುತ್ತದೆ. ಈಗಿನ ಮೊಬೈಲು ಅಷ್ಟನ್ನು ಧಾರಾಳವಾಗಿ ಕೊಡುತ್ತದೆ. ಆದರೆ ಅದೇ ಫೋಟೋವನ್ನು ವಾಟ್ಸಪ್‌ನಲ್ಲಿ ಮಾಮೂಲಿ ರೀತಿ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೇ ಬರುತ್ತದೆ. ಸಂಘದ ಗುಂಪಿಗೆ ಬಂದ ಎಷ್ಟೋ ಒಳ್ಳೆಯ ಚಿತ್ರಗಳು ಈ ಒಂದು ಕಾರಣಕ್ಕೆ ಮುದ್ರಣಕ್ಕೆ ಆಗುವುದಿಲ್ಲ. ಹಳೆಯ ನಾಲ್ಕು-ಆರು ಅಂಗುಲದ ಪ್ರಿಂಟನ್ನು ಅಂಗುಲಕ್ಕೆ 600ರಂತೆ ಸ್ಕ್ಯಾನ್ ಮಾಡಿದರೆ 2400ಕ್ಕೆ 3600 ಆಗುತ್ತದೆ, ಹೆಚ್ಚುಕಡಿಮೆ ಪೂರ್ತಿ ಪುಟ. ಅಜ್ಜಿಯ ಟ್ರಂಕಿನಲ್ಲಿರುವ ಫೋಟೋಕ್ಕೂ ಬೆಲೆ ಇದೆ ಅಂತಾಯಿತು. ಮೂಲಗಳನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಬೇರೆ ಕಟ್ಟಡದಲ್ಲಿ ಇಡಿ. ಒಂದೇ ಬೀರುವಿನಲ್ಲಿ ಎರಡೂ ಇಟ್ಟರೆ ಒಂದಿಟ್ಟ ಹಾಗೆಯೇ.

ಹಣ ಪಡೆಯುವುದು 2016ರಲ್ಲಿ ಯುಪಿಐ ಬಂದ ಮೇಲೆ ಬಹಳ ಹಗುರಾಗಿದೆ. ಆದರೂ ತಾಣದಲ್ಲಿ ಕೊಂಡಕೂಡಲೇ ಫೋಟೋ ಇಳಿಯಬೇಕಾದರೆ ಪೇಮೆಂಟ್ ಗೇಟ್‌ವೇ ಎಂಬ ಮಧ್ಯವರ್ತಿ ಬೇಕು. ಅವರು ಪ್ಯಾನ್, ಬ್ಯಾಂಕು ಖಾತೆ ಕೇಳುತ್ತಾರೆ. ತಾಣದಲ್ಲಿ ನಿಯಮ, ಹಣ ವಾಪಸಾತಿ, ಸಂಪರ್ಕದ ಪುಟಗಳಿವೆಯೇ ಎಂದು ನೋಡುತ್ತಾರೆ. ಅವರ ಕಮಿಷನ್ನು ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿಯ ಆಸುಪಾಸು, ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ. ಫೋಟೋ ಬಳಸುವ ಅನುಮತಿ ಕೊಡುವುದನ್ನು ಜಿಎಸ್‌ಟಿಯಲ್ಲಿ ಸೇವೆ ಎಂದು ಎಣಿಸುತ್ತಾರೆ. ಸೇವೆಗೆ ವಾರ್ಷಿಕ ವಹಿವಾಟು 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಾಗುವುದಿಲ್ಲ. ಆದರೆ ಸಂಘದ ಗೊಬ್ಬರ, ಪಡಿತರ ಎಲ್ಲ ಸೇರಿ ನಿಮ್ಮ ವಹಿವಾಟು ಆ ಗಡಿಯನ್ನು ಎಂದೋ ದಾಟಿದೆ, ಹಾಗಾಗಿ ಲೆಕ್ಕಪರಿಶೋಧಕರನ್ನು ಮೊದಲೇ ಕೂರಿಸಿಕೊಂಡು ಮಾತಾಡಿ. ಬೈಲಾದಲ್ಲಿ ಈ ವ್ಯವಹಾರಕ್ಕೆ ಅವಕಾಶ ಇದೆಯೇ ಎಂದೂ ನೋಡಬೇಕು. ಇಲ್ಲದಿದ್ದರೆ ತಿದ್ದುಪಡಿ ಮಾಡಿ ನಿಬಂಧಕರಲ್ಲಿ ನೋಂದಾಯಿಸಬೇಕು. ಅದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಅಂಗಡಿ ತೆರೆದ ಮೇಲೆ ಗಿರಾಕಿಗಳು ಎಲ್ಲಿಂದ ಬರುತ್ತಾರೆ? ದಾರಿಬದಿಯ ಅಂಗಡಿಗೆ ದಾರಿಹೋಕರು ಬರುತ್ತಾರೆ, ಅಂತರ್ಜಾಲದ ಅಂಗಡಿಗೆ ಹಾಗೆ ಯಾರೂ ಬರುವುದಿಲ್ಲ. ನಮ್ಮ ಅಂಗಡಿಯಲ್ಲಿ ಹೋಗುವುದು ಸೂರ್ಯಾಸ್ತವಲ್ಲ, ಜಲಪಾತವಲ್ಲ. ಅವು ಜಗತ್ತಿನ ತುಂಬ ಬಿಟ್ಟಿ ಸಿಗುತ್ತವೆ. 2013ರಿಂದ ಅನ್‌ಸ್ಪ್ಲ್ಯಾಶ್ ಎಂಬ ತಾಣ ಅವನ್ನು ರಾಶಿ ರಾಶಿ ಹಂಚುತ್ತಿದೆ. 2022ರಿಂದೀಚೆಗೆ ನಾಲ್ಕು ಸಾಲು ಬರೆದು ಹೇಳಿದರೆ ಚಿತ್ರ ಮಾಡಿಕೊಡುವ ಯಂತ್ರಗಳೂ ಬಂದಿವೆ. ನಮ್ಮಲ್ಲಿ ಹೋಗುವುದು ಕೊನೆಗೆ ಕೊಟ್ಟೆ ಕಟ್ಟುವ ಫೋಟೋ, ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಕೈ, ಗೊಬ್ಬರದ ಗುಂಡಿಗೆ ಸೊಪ್ಪು ಹಾಕುವುದು, ಆಲೆಮನೆಯ ಕೊಪ್ಪರಿಗೆ. ಕೊಳ್ಳುವವರು ಕೃಷಿ ಪತ್ರಿಕೆಯವರು, ಪಠ್ಯಪುಸ್ತಕ ಮಾಡುವವರು, ಕ್ಯಾಲೆಂಡರು ಮಾಡಿಸುವ ಬ್ಯಾಂಕುಗಳು, ದೂರದಲ್ಲಿ ನೆಲೆಸಿ ಊರನ್ನು ಗೋಡೆಗೆ ಹಾಕಿಕೊಳ್ಳಬೇಕೆನ್ನುವ ನಮ್ಮವರು. ಇವರಿಗೆ ಬೇಕಾದದ್ದು ನಿಜವಾಗಿ ನಡೆದದ್ದರ ಚಿತ್ರ, ಎಲ್ಲಿ ಯಾವಾಗ ತೆಗೆದದ್ದು ಎಂಬ ಖಾತ್ರಿಯೊಂದಿಗೆ.

ಆ ಖಾತ್ರಿ ಇರುವುದು ಫೋಟೋದ ಜೊತೆಗಿನ ಬರಹದಲ್ಲಿ. "ತೋಟದಲ್ಲಿ ಕೆಲಸ" ಅಂತ ಬರೆದರೆ ಯಾರ ಹುಡುಕಾಟಕ್ಕೂ ಸಿಕ್ಕುವುದಿಲ್ಲ. "ಕೊಳೆರೋಗ ಬಾರದಂತೆ ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಿರುವುದು, ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ" ಎಂದು ಬರೆದರೆ ಸಂಪಾದಕರು ಅರ್ಧ ಲೇಖನ ಸಿಕ್ಕಿತು ಅಂದುಕೊಳ್ಳುತ್ತಾರೆ. ಕನ್ನಡದಲ್ಲೂ ಬರೆಯಬೇಕು, ಇಂಗ್ಲಿಷಿನಲ್ಲೂ ಬರೆಯಬೇಕು, ಗಿಡದ ಹೆಸರಿದ್ದರೆ ಶಾಸ್ತ್ರೀಯ ಹೆಸರನ್ನೂ ಹಾಕಬೇಕು. ತೆಗೆದವರ ಹೆಸರು, ಹಕ್ಕಿನ ವಿವರಗಳನ್ನು ಫೋಟೋ ಕಡತದ ಒಳಗೇ ಸೇರಿಸುವ ಐಪಿಟಿಸಿ ಎಂಬ ಏರ್ಪಾಡಿದೆ, ಅದನ್ನು ತಪ್ಪದೆ ತುಂಬಬೇಕು. ಈ ಕೆಲಸಕ್ಕೆ ಕಂಪ್ಯೂಟರ್ ಕಲಿತವರಷ್ಟೇ ಸಾಲದು. ಗೋಡೆಯ ಮೇಲಿನ ಒಂದು ಫೋಟೋದಲ್ಲಿ ಗಾಡಿಯ ಮೇಲೆ ಏನು ಹೇರಿದ್ದಾರೆಂದು ನಮಗೆ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಸಾಮಾನಿನ ಹೆಸರು, ಗಾಡಿಯ ಯಜಮಾನರ ಹೆಸರು, ಎತ್ತಿನ ಹೆಸರು ಮೂರನ್ನೂ ಹೇಳಿದರು. ಅವರನ್ನು ಕೂರಿಸಿಕೊಂಡು ಬರೆಸಿಕೊಳ್ಳುವ ಕೆಲಸ ಈ ಬೇಸಿಗೆಯಲ್ಲೇ ಆಗಲಿ.

ಹಣದ ಹಂಚಿಕೆಯ ಒಂದು ಉದಾಹರಣೆ ಹೇಳುತ್ತೇವೆ. 800 ರೂಪಾಯಿಗೆ ಒಂದು ಅನುಮತಿ ಹೋಯಿತು ಅನ್ನಿ. ಗೇಟ್‌ವೇಯವರ 16 ರೂಪಾಯಿ, ಅದರ ತೆರಿಗೆ 2 ರೂಪಾಯಿ 88 ಪೈಸೆ ಕಳೆದು 781 ಉಳಿಯುತ್ತದೆ. ಇದರಲ್ಲಿ ಅರ್ಧ, ಅಂದರೆ 390, ತೆಗೆದವರಿಗೆ. ನೂರಕ್ಕೆ 20ರಂತೆ 156 ಫೋಟೋದಲ್ಲಿ ಇರುವವರಿಗೆ. ನೂರಕ್ಕೆ 30ರಂತೆ 234 ಅಂಗಡಿಯ ಖರ್ಚಿಗೆ, ನಿಧಿಗೆ. ಇನ್ನೊಂದು ರೂಪಾಯಿ ಚಿಲ್ಲರೆಯಲ್ಲಿ ಉಳಿಯಿತು, ಅದನ್ನೂ ಪುಸ್ತಕದಲ್ಲಿ ತೋರಿಸಬೇಕು. ಫೋಟೋದಲ್ಲಿ ಇರುವವರಿಗೆ ಪಾಲು ಕೊಡಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ದೊಡ್ಡ ಕಂಪನಿಗಳು ಕೊಡುವುದೂ ಇಲ್ಲ. ಹಾಗೆ ಕೊಡುವುದು ಕಂಪನಿಗೆ ಕಷ್ಟ, ನಿಮಗೆ ಸುಲಭ. ಏಕೆಂದರೆ ಅವರ ಉಳಿತಾಯ ಖಾತೆ ಇದೇ ಕಟ್ಟಡದಲ್ಲಿದೆ. ಮೊದಲೆರಡು ವರ್ಷ ಖರ್ಚು ಹುಟ್ಟಿದರೆ ದೊಡ್ಡದು ಎಂದು ತಿಳಿಯಿರಿ. ಇದರಿಂದ ಸಂಘ ಶ್ರೀಮಂತವಾಗುತ್ತದೆ ಅಂತ ಯಾರಾದರೂ ಹೇಳಿದರೆ ಅವರನ್ನು ನಂಬಬೇಡಿ.

ಇನ್ನು ಗೋಡೆಯ ಫೋಟೋಗಳ ವಿಷಯ. ಸಭೆಗೆ ಮುಂಚೆ ಅವನ್ನು ಹೀಗೆ ಬೇರ್ಪಡಿಸಿ ಇಡಬಹುದು ಅನ್ನಿಸುತ್ತದೆ. ಸಂಘ ಹಣ ಕೊಟ್ಟು ತೆಗೆಸಿದ್ದಕ್ಕೆ ರಸೀದಿ ಇದ್ದರೆ ಅವು ಒಂದು ಕಡೆ. ತೆಗೆದವರು ಯಾರೆಂದು ತಿಳಿದಿರುವವು ಇನ್ನೊಂದು ಕಡೆ, ಅವರನ್ನೋ ಅವರ ಮಕ್ಕಳನ್ನೋ ಕೇಳಿ ಬರೆಸಿಕೊಳ್ಳುವವರೆಗೆ. ಮದುವೆ, ಗೃಹಪ್ರವೇಶದವು ಮನೆಯವರಿಗೆ ವಾಪಸು, ಅವರು ಒಪ್ಪಿದರೆ ಮಾತ್ರ ಸ್ಕ್ಯಾನ್. ತೆಗೆದವರು ಯಾರೆಂದು ಗೊತ್ತೇ ಆಗದವು ಪ್ರದರ್ಶನದಲ್ಲೇ ಇರಲಿ, ಅಂಗಡಿಗೆ ಬೇಡ. ನಮ್ಮ ಒಪ್ಪಿಗೆ ಪತ್ರದ ನೂರು ಪ್ರತಿ ಕಾರ್ಯದರ್ಶಿಗಳಲ್ಲಿ ಕೊಟ್ಟಿದ್ದೇವೆ. ನಮ್ಮ ಅಂಗಡಿಯ ಹೆಸರು ಹೊಡೆದು ನಿಮ್ಮ ಸಂಘದ ಹೆಸರು ಬರೆದುಕೊಂಡರೆ ಆಯಿತು. ಗದ್ದೆಯ ಬೋರ್ಡಿನ ಆ ಹೆಂಗಸಿಗೂ ಅದನ್ನು ಓದಿ ಹೇಳಿದ್ದೆವು. ಅವರು ಕೇಳಿ, ಮೂರನೆಯ ಸಾಲನ್ನು ಇನ್ನೂ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕ್ಸಿ ಅಂದರು. ಮನಸ್ಸು ಬದಲಾದರೆ ತಿಳಿಸಿದ ದಿನದಿಂದ ಹೊಸಬರಿಗೆ ಕೊಡುವುದಿಲ್ಲ ಅನ್ನುವ ಸಾಲು ಅದು. ಹಾಗೆಯೇ ಹಾಕಿಸಿದ್ದೇವೆ.

ಊಟಕ್ಕೆ ಎಲೆ ಹಾಕುತ್ತಿರುವ ಸದ್ದು ಕೇಳುತ್ತಿದೆ. ಪ್ರಶ್ನೆ ಇರುವವರು ಊಟದ ನಂತರ ಗೋದಾಮಿನ ಹತ್ತಿರ ಬನ್ನಿ, ಸಂಜೆ ಬಸ್ಸಿನವರೆಗೆ ನಾವು ಅಲ್ಲೇ ಇರುತ್ತೇವೆ.